ಬಾಗಿಲಿಗೆ ತೂಗಿದ ಹಲಗೆ: ಎಸ್ಲಿಂಗೆನ್‌ನ ಒಂದು ಪ್ರಕರಣ

ರಾತ್ರಿ ಒಂಬತ್ತೂವರೆಗೆ ಗೆಳೆಯನೊಬ್ಬನ ಫೋನ್ ಬಂತು. "ಸರ್, ಮಲಗಿರಲಿಲ್ಲ ತಾನೆ? ಬಿಲ್ಡಿಂಗ್ ನೋಡ್ಕೊಳ್ಳೋ ಆಫೀಸಿಂದ ಒಂದು ಕಾಗದ ಬಂದಿದೆ. ಫೋನಲ್ಲಿ ಅನುವಾದ ಮಾಡಿಸಿದ್ರೆ ‘ಎಚ್ಚರಿಕೆ’ ಅಂತ ತೋರಿಸ್ತಿದೆ. ವೀಸಾಕ್ಕೇನಾದ್ರೂ ತೊಂದ್ರೆ ಆಗುತ್ತಾ?"

ಕಾಗದದ ಫೋಟೊ ಕಳಿಸಿದ. ಮೇಲೆ ದಪ್ಪಕ್ಷರದಲ್ಲಿ ‘ಆಬ್‌ಮಾನುಂಗ್’ ಎಂದಿತ್ತು. ಕರಾರು ಮುರಿದವರಿಗೆ ಮನೆ ಮಾಲೀಕರು ಕಳಿಸುವ ಮೊದಲ ನೋಟಿಸಿಗೆ ಇಲ್ಲಿ ಜರ್ಮನಿಯಲ್ಲಿ ಹಾಗನ್ನುತ್ತಾರೆ. ಒಂದೂವರೆ ಪುಟದ ಸಾರ ಇಷ್ಟೇ: ನಿಮ್ಮ ಸರದಿ ಬಂದಾಗ ಕೇರ್‌ವೋಖೆ ಮಾಡಿಲ್ಲ, ಇನ್ನು ಮುಂದೆಯೂ ಮಾಡದಿದ್ದರೆ ಬೇರೆಯವರಿಂದ ಮಾಡಿಸಿ ಖರ್ಚನ್ನು ನಿಮ್ಮಿಂದ ವಸೂಲು ಮಾಡುತ್ತೇವೆ.

"ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರಾಯ. ನೀನು ಮೆಟ್ಟಿಲು ಗುಡಿಸಿಲ್ಲ ಅಂತ ನೋಟಿಸ್ ಕೊಟ್ಟಿದ್ದಾರೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮೆಟ್ಲಾ?" ಅಂದ.

ಮುಂದಿನ ಒಂದು ವರ್ಷ ಆ ಮನೆಯಲ್ಲಿ, ಆ ಮೆಟ್ಟಿಲ ಮೇಲೆ, ಕೊನೆಗೆ ಮನೆಯೆದುರಿನ ಕಾಲುದಾರಿಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದೆ. ಜರ್ಮನ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ನಡುವೆ ಸಿಕ್ಕಿಕೊಂಡೆ. ಪರದೇಶಕ್ಕೆ ಹೋದವರು ಅಲ್ಲಿನ ರೀತಿ ರಿವಾಜಿಗೆ ಹೊಂದಿಕೊಳ್ಳುವುದರ ಬಗ್ಗೆ ನಮ್ಮಲ್ಲಿ ಮಾತು ಬಹಳ. ಊಟ, ಚಳಿ, ಭಾಷೆ ಇಷ್ಟರಲ್ಲೇ ಮುಗಿಯುತ್ತದೆ. ಈ ಪ್ರಕರಣದ ಗಂಟು ಅವುಗಳಲ್ಲಿ ಯಾವುದರಲ್ಲೂ ಇರಲಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಕೇಳಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಊರು ಎಸ್ಲಿಂಗೆನ್. ನೆಕ್ಕರ್ ನದಿಯ ದಡ, ಹಿಂದೆ ದ್ರಾಕ್ಷಿ ತೋಟದ ಇಳಿಜಾರು. ಲೋಕಲ್ ರೈಲು ಹತ್ತಿದರೆ ಸ್ಟುಟ್‌ಗಾರ್ಟ್ ಕಾಲು ಗಂಟೆ. ಬೆಂಗಳೂರಿಗೂ ಈ ಸೀಮೆಗೂ ಹಳೇ ನಂಟು. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಬಾಷ್ ಕಂಪನಿಯೇ ನಮ್ಮ ಆಡುಗೋಡಿಯ ಮೈಕೋ, ಇವತ್ತಿಗೂ ಬಡಾವಣೆಗೆ ಉಳಿದಿರುವ ಹೆಸರು. ಅದಕ್ಕೂ ಹಿಂದೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಈ ವುರ್ಟೆಂಬರ್ಗ್ ನಾಡಿನವನೇ. 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ಕನ್ನಡ ಕಲಿತು ಪತ್ರಿಕೆ ನಡೆಸುವಷ್ಟು ಹೊಂದಿಕೊಂಡವನು ತಿರುಗಿ ಬಂದ ಮೇಲೆ ಇಲ್ಲಿನ ಮೆಟ್ಟಿಲು ಗುಡಿಸಲು ಎಷ್ಟು ಕಷ್ಟಪಟ್ಟನೋ, ಅಂತ ಆ ಬೀದಿಗಳಲ್ಲಿ ಓಡಾಡುವಾಗ ನಾನು ಸುಮ್ಮನೆ ಯೋಚಿಸುವುದುಂಟು.

ನಮ್ಮ ಗೆಳೆಯ ದಾವಣಗೆರೆಯವನು. ಅಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಎಂಟು ವರ್ಷ ದುಡಿದು, 2022ರ ಜೂನಿನಲ್ಲಿ ಬ್ಲೂ ಕಾರ್ಡ್ ಮೇಲೆ, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿಯ ಮೇಲೆ ಬಂದ. ಹೆಂಡತಿ, ನಾಲ್ಕು ವರ್ಷದ ಮಗ ಸೆಪ್ಟೆಂಬರಿನಲ್ಲಿ ಬಂದರು. ಈ ಸುತ್ತಿನಲ್ಲಿ ಮನೆ ಸಿಗುವುದು ಕೆಲಸ ಸಿಗುವುದಕ್ಕಿಂತ ಕಷ್ಟ. ಸಿಕ್ಕ ಮನೆಯಲ್ಲಿ ಅಡುಗೆ ಕಟ್ಟೆಯೂ ಇರಲಿಲ್ಲ, ಸಿಂಕೂ ಇರಲಿಲ್ಲ. ಬಾಡಿಗೆದಾರ ಅಡುಗೆಮನೆಯನ್ನೇ ಹೊತ್ತು ತರುವುದು ಇಲ್ಲಿನ ಪದ್ಧತಿ. ಇಷ್ಟೆಲ್ಲ ಆದ ಮೇಲೆ ಇಪ್ಪತ್ತು ಪುಟದ ಜರ್ಮನ್ ಕರಾರನ್ನು ಓದಿ ಸಹಿ ಹಾಕುವ ತಾಳ್ಮೆ ಯಾರಿಗಿರುತ್ತದೆ? ಅವನೂ ಓದಲಿಲ್ಲ. ಮನೆಯ ನಿಯಮಗಳು ಅಂತ ಕೊನೆಗೆ ಪಿನ್ ಹೊಡೆದಿದ್ದ ಎರಡು ಹಾಳೆಯಲ್ಲಿ ಕೇರ್‌ವೋಖೆ ಇತ್ತು.

ಕೇರ್‌ವೋಖೆ ಅಂದರೆ ಗುಡಿಸುವ ವಾರ. ಶ್ವಾಬಿಯಾ ಅನ್ನುವ ಈ ಸುತ್ತಿನ ಸೀಮೆಯ ರೂಢಿ, ಉಳಿದ ಜರ್ಮನರು ಇದನ್ನು ಹೇಳಿ ನಗುತ್ತಾರೆ. ಅದರಲ್ಲಿ ಎರಡು ಬಗೆ. ಚಿಕ್ಕದು ನಿಮ್ಮ ಅಂತಸ್ತಿನ ಮೆಟ್ಟಿಲು, ಅದರ ಕೆಳಗಿನ ತಿರುವು, ಕೈಹಿಡಿ ಕಂಬಿ, ಕಿಟಕಿಕಟ್ಟೆ. ಇದು ಎದುರುಬದುರು ಮನೆಗಳ ನಡುವೆ ವಾರ ಬಿಟ್ಟು ವಾರ. ದೊಡ್ಡದು ಮುಂಬಾಗಿಲು, ನೆಲಮಾಳಿಗೆಗೆ ಇಳಿಯುವ ದಾರಿ, ಅಂಗಳ, ರಸ್ತೆ ಬದಿಯ ಕಾಲುದಾರಿ. ಇದು ಇಡೀ ಕಟ್ಟಡಕ್ಕೆ ಸರದಿ, ಆರು ಮನೆ ಇದ್ದರೆ ಆರು ವಾರಕ್ಕೊಮ್ಮೆ. ಯಾರ ಸರದಿಯೋ ಅವರ ಬಾಗಿಲ ಹಿಡಿಗೆ ಒಂದು ಹಲಗೆ ತೂಗುತ್ತದೆ. ಶನಿವಾರ ಕೆಲಸ ಮುಗಿಸಿ ನೀವು ಅದನ್ನು ಪಕ್ಕದ ಬಾಗಿಲಿಗೆ ತೂಗಿಹಾಕಬೇಕು. ಹಿಮ ಬಿದ್ದರೆ ದೊಡ್ಡ ಸರದಿಯವರ ಪಾಡು ಬೇರೆಯೇ. ವಾರದ ದಿನಗಳಲ್ಲಿ ಬೆಳಿಗ್ಗೆ ಏಳರೊಳಗೆ ಕಾಲುದಾರಿ ಸರಿಮಾಡಿರಬೇಕು.

1492ರಲ್ಲಿ ಗಡ್ಡದ ಎಬರ್‌ಹಾರ್ಡ್ ಅನ್ನುವ ಕೌಂಟ್ ಸ್ಟುಟ್‌ಗಾರ್ಟ್‌ಗೆ ಮಾಡಿದ ಕಟ್ಟಳೆಯಲ್ಲಿ ಇದರ ಬೇರು ಹುಡುಕುತ್ತಾರೆ. ಊರು ಚೊಕ್ಕಟವಾಗಿರಲು ಪ್ರತಿ ಮನೆಯವರೂ ವಾರಕ್ಕೊಮ್ಮೆ ಗೊಬ್ಬರ ಸಾಗಿಸಬೇಕು ಅನ್ನುವ ಅರ್ಥದ ಕಟ್ಟಳೆ ಅದು. ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೆ ಇನ್ನೂ 17 ವರ್ಷ ಇತ್ತು. 1988ರಲ್ಲಿ ಸ್ಟುಟ್‌ಗಾರ್ಟ್ ನಗರಸಭೆ ಕೇರ್‌ವೋಖೆಯನ್ನು ತನ್ನ ನಿಯಮಗಳಿಂದ ತೆಗೆದುಹಾಕಿತು. ಆದರೂ ಅದು ಹೋಗಲಿಲ್ಲ, ಬಾಡಿಗೆ ಕರಾರುಗಳಿಗೆ ನುಗ್ಗಿ ಕೂತುಕೊಂಡಿತು. ಹೀಗಾಗಿ ಇವತ್ತು ಇದು ಕಾನೂನಲ್ಲ, ನೀವೇ ಸಹಿ ಹಾಕಿದ ಕರಾರು.

ಈಗ ಹಲಗೆಯ ಕಥೆ. ಅಂಗೈಯಗಲದ ಮರದ ಹಲಗೆ, ಮೇಲೆ ಒಂದು ಪೊರಕೆಯ ಚಿತ್ರ, ಕಟ್ಟಲು ಕೆಂಪು ದಾರ. 2022ರ ಡಿಸೆಂಬರಿನ ಒಂದು ಶನಿವಾರ ಸಂಜೆ ಅದು ಇವರ ಬಾಗಿಲಲ್ಲಿ ಕಂಡಿತು. ಕ್ರಿಸ್‌ಮಸ್ ಕಾಲ. ಯಾರೋ ಅಕ್ಕಪಕ್ಕದವರು ಪ್ರೀತಿಯಿಂದ ಅಲಂಕಾರಕ್ಕೆ ಕಟ್ಟಿಹೋಗಿದ್ದಾರೆ ಅಂದುಕೊಂಡರು. ಮಗ ಕೇಳಿದ, ಕೊಟ್ಟರು. ಹಲಗೆ ಅವನ ಆಟದ ಡಬ್ಬಿ ಸೇರಿತು. ಜನವರಿ ನಡುವಿನ ತನಕ ಆರು ಮನೆಯ ಸರದಿ ಆ ಡಬ್ಬಿಯೊಳಗೆ, ಬಣ್ಣದ ಇಟ್ಟಿಗೆ ಮತ್ತು ಚಕ್ರ ಮುರಿದ ಜೆಸಿಬಿಯ ನಡುವೆ ನಿಂತುಹೋಗಿತ್ತು.

ಕಟ್ಟಡದವರು ಸುಮ್ಮನಿರಲಿಲ್ಲ. ಅಂಚೆಪೆಟ್ಟಿಗೆಗಳ ಮೇಲಿನ ಗೋಡೆಯಲ್ಲಿ ಮೊದಲು ಒಂದು ಚೀಟಿ ಬಂತು, ಆಮೇಲೆ ಅದರ ಕೆಳಗೆ ಇನ್ನೊಂದು, ಅಡಿಗೆರೆ ಎಳೆದದ್ದು. ಇಬ್ಬರೂ ದಿನಾ ಅದರ ಮುಂದೆ ಓಡಾಡಿದರು. ನೀರು ನಿಲ್ಲಿಸುವ ಸೂಚನೆ ಇರಬಹುದು ಅಂದುಕೊಂಡರಂತೆ. ಫೆಬ್ರವರಿಯಲ್ಲಿ ಕಾಗದ ಬಂತು.

ಕಾಗದದ ಮರುದಿನ ಅವನು ನನಗೆ ಹೇಳಿದ್ದು: "ಅಲ್ಲಾ ಸರ್, ಇಷ್ಟು ಬಾಡಿಗೆ ಕೊಡ್ತೀನಿ, ಮೇಲೆ ಮೇಂಟೆನೆನ್ಸ್ ದುಡ್ಡೂ ಕೊಡ್ತೀನಿ. ಮೆಟ್ಲು ಒರೆಸೋಕೆ ಒಬ್ರನ್ನ ಇಟ್ಕೋಬಾರ್ದಾ ಇವರು?" ಪ್ರಶ್ನೆ ತಪ್ಪಲ್ಲ. ಎಷ್ಟೋ ಕಟ್ಟಡಗಳಲ್ಲಿ ಈಗ ಕಂಪನಿಯವರು ಬಂದು ಒರೆಸಿಹೋಗುತ್ತಾರೆ. ಈ ಕಟ್ಟಡದವರು ದುಡ್ಡು ಉಳಿಸುವವರು. ನೀನು ನಿನ್ನ ಸರದಿಗೆ ಬೇಕಾದರೆ ಯಾರನ್ನಾದರೂ ಇಟ್ಟುಕೊಳ್ಳಬಹುದು, ಕಾನೂನು ಅಡ್ಡಬರಲ್ಲ ಅಂದೆ. ಒಬ್ಬ ವಿದ್ಯಾರ್ಥಿಯನ್ನು ಹಿಡಿದ. ಹುಡುಗ ಎರಡು ಸಲ ಬಂದ, ಪರೀಕ್ಷೆ ಶುರುವಾಯಿತು, ನಾಪತ್ತೆ.

ಆಮೇಲೆ ಒರೆಸಲು ನಿಂತವಳು ಹೆಂಡತಿ.

ಆಕೆ ಆ ಹೊತ್ತಿಗೆ ಸರ್ಕಾರದ ಇಂಟಿಗ್ರೇಷನ್ ಕೋರ್ಸಿಗೆ ಹೋಗುತ್ತಿದ್ದಳು. 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ, ಕೊನೆಗೆ 33 ಪ್ರಶ್ನೆಯ ಪರೀಕ್ಷೆ. ಆ 100 ಗಂಟೆಯಲ್ಲಿ ಸಂವಿಧಾನ ಬರುತ್ತದೆ, ಬರ್ಲಿನ್ ಗೋಡೆ ಬಿದ್ದ ಕಥೆ ಬರುತ್ತದೆ, ಸಂಸತ್ತಿನ ವಿಚಾರ ಬರುತ್ತದೆ. ಶನಿವಾರ ಯಾರು ಮೆಟ್ಟಿಲು ಒರೆಸಬೇಕು ಅನ್ನುವುದು ಬರುವುದಿಲ್ಲ. ಭಾನುವಾರದ ವಿಷಯವಾದರೂ ಬರುತ್ತದೆ. ಭಾನುವಾರ ವಿಶ್ರಾಂತಿಯ ದಿನ ಅನ್ನುವುದನ್ನು 1919ರ ವೈಮಾರ್ ಸಂವಿಧಾನದಿಂದ ಎತ್ತಿಕೊಂಡು ಈಗಿನ ಸಂವಿಧಾನದಲ್ಲೂ ಇಟ್ಟುಕೊಂಡ ದೇಶ ಇದು. ಆಕೆ ಅದನ್ನು ಬೇಗ ಹಿಡಿದಳು. ಡ್ರಿಲ್ಲಿಂಗ್ ಇಲ್ಲ, ಗಾಜಿನ ಬಾಟಲಿ ತೊಟ್ಟಿಗೆ ಎಸೆಯುವಂತಿಲ್ಲ, ರಾತ್ರಿ ಹತ್ತರ ಮೇಲೆ ದೋಸೆ ಹಿಟ್ಟಿಗೆ ಮಿಕ್ಸಿ ಇಲ್ಲ. ಕಸದ ನಾಲ್ಕು ಬಣ್ಣದ ಲೆಕ್ಕವನ್ನು ಅಡುಗೆಮನೆ ಗೋಡೆಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದಳು. ಹೊಂದಿಕೊಳ್ಳಲಾಗದ ಸಂಸಾರ ಅಲ್ಲ ಅದು. ಒಂದೇ ಒಂದು ಕಡೆ ಸಿಕ್ಕಿಹಾಕಿಕೊಂಡಿತ್ತು.

ಆಗಸ್ಟ್ ಹೊತ್ತಿಗೆ ಆಕೆಗೆ ಆರು ತಿಂಗಳು. ಒಂದು ಶನಿವಾರ ಬಕೆಟ್ ಇಟ್ಟುಕೊಂಡು ಮೆಟ್ಟಿಲು ಒರೆಸುವಾಗ ಕೆಳಮನೆಯ ಅಜ್ಜಿ ಬಾಗಿಲು ತೆಗೆದು ನೋಡಿದರು. ಎಂಬತ್ತರ ಆಸುಪಾಸಿನ ಜರ್ಮನ್ ಹೆಂಗಸು, ಒಂಟಿ. ಏನೂ ಹೇಳಲಿಲ್ಲ. ಸಂಜೆ ನಮ್ಮ ಗೆಳೆಯ ಹಾಲು ತರಲು ಇಳಿದಾಗ ಮೆಟ್ಟಿಲ ಬುಡದಲ್ಲೇ ಅಡ್ಡ ನಿಂತು, ಬೆರಳು ಅಲ್ಲಾಡಿಸಿ, "ಸೋ ಗೋಟ್ಸ್ ನೆಟ್!" ಎಂದು ಶುರುಮಾಡಿದರು. ಇದು ಸರಿಯಲ್ಲ, ಹೀಗೆ ನಡೆಯಲ್ಲ ಅಂತ. ಅವನ ಹತ್ತಿರ ಜರ್ಮನ್ ಭಾಷೆಯ ಬಿ1 ಅನ್ನುವ ನಡುಮಟ್ಟದ ಸರ್ಟಿಫಿಕೇಟ್ ಇತ್ತು. ಅದನ್ನು ಇಟ್ಟುಕೊಂಡರೆ 21 ತಿಂಗಳಿಗೆ ಕಾಯಂ ಪರವಾನಗಿಗೆ ಅರ್ಜಿ ಹಾಕಬಹುದು, ಶ್ವಾಬಿಯಾದ ಅಜ್ಜಿಯ ಮಾತು ಅರ್ಥವಾಗುವುದಿಲ್ಲ. ನಮಗೆ ಎಲ್ಲ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು ಅಂತ ತನ್ನ ಬಗ್ಗೆ ತಾನೇ ಜಾಹೀರಾತು ಕೊಟ್ಟುಕೊಂಡ ರಾಜ್ಯ ಇದು.

ಅವನಿಗೆ ಅರ್ಥವಾದದ್ದು ಬೆರಳು ಮಾತ್ರ. "ನಮ್ಮನ್ನ ಕಂಡ್ರೆ ಆಗಲ್ಲ ಸರ್ ಆ ಮುದುಕಿಗೆ. ಚೀಟಿ ಅಂಟಿಸಿದ್ದೂ ಅದೇ, ಕಂಪ್ಲೇಂಟ್ ಕೊಟ್ಟಿದ್ದೂ ಅದೇ" ಅಂದ. ನಾನು ಅಜ್ಜಿಯ ಮನೆಗೆ ಹೋದೆ. ಕಾಫಿ ಕೊಟ್ಟರು. ಅವರ ತಕರಾರು ಕೊಳೆಯ ಬಗ್ಗೆ ಅಲ್ಲವೇ ಅಲ್ಲ. ಗಟ್ಟಿಮುಟ್ಟಾದ ಗಂಡಸು ಮನೆಯಲ್ಲಿರುವಾಗ ಬಸುರಿ ಹೆಂಗಸು ಮೊಣಕಾಲೂರಿ ಮೆಟ್ಟಿಲು ಒರೆಸಬೇಕಾ, ಇಷ್ಟೇ. ಚೀಟಿ ಬರೆದವರು ಅವರಲ್ಲ.

ಬರೆದವರು ಎರಡನೇ ಅಂತಸ್ತಿನ ಟರ್ಕಿಯ ಹಿರಿಯರು.

ಇದು ಗೊತ್ತಾದಾಗ ನಮ್ಮವನಿಗೆ ಬೇಸರಕ್ಕಿಂತ ಆಶ್ಚರ್ಯ ಹೆಚ್ಚಾಯಿತು. ಆ ಹಿರಿಯರು 1971ರಲ್ಲಿ ಇಪ್ಪತ್ತರ ಹುಡುಗನಾಗಿ ಕಾರ್ಖಾನೆಗೆ ಬಂದವರು. 1961ರಲ್ಲಿ ಜರ್ಮನಿ ಟರ್ಕಿಯ ಜೊತೆ ಕೂಲಿಯಾಳುಗಳ ಒಪ್ಪಂದ ಮಾಡಿಕೊಂಡಿತು, 1973ರಲ್ಲಿ ಹೊಸಬರನ್ನು ಕರೆಸುವುದು ನಿಲ್ಲಿಸಿತು. ಬಂದವರಿಗೆ ಇಟ್ಟ ಹೆಸರೇ ‘ಅತಿಥಿ ಕೆಲಸಗಾರ’. ಅತಿಥಿ ಹೋಗುವವನು, ಅವನಿಗೆ ಭಾಷೆ ಯಾಕೆ ಕಲಿಸಬೇಕು? ಕಲಿಸಲಿಲ್ಲ. ಸರ್ಕಾರಿ ಇಂಟಿಗ್ರೇಷನ್ ಕೋರ್ಸ್ ಅಂತ ಬಂದದ್ದು 2005ರಲ್ಲಿ. ಆ ಹೊತ್ತಿಗೆ ಈ ಮನುಷ್ಯನ ಮೊಮ್ಮಕ್ಕಳು ಶ್ವಾಬಿಯಾ ಧಾಟಿಯಲ್ಲೇ ಜಗಳವಾಡುತ್ತಿದ್ದರು.

ಅವರು ನನಗೆ ಹೇಳಿದ್ದನ್ನು ಕನ್ನಡದಲ್ಲಿ ಹಾಕಿದರೆ ಹೀಗೆ: "ನಾನು ಬಂದ ಹೊಸದರಲ್ಲಿ ಬೀದಿಯಲ್ಲಿ ಎಲ್ಲಿ ಕಸ ಬಿದ್ದರೂ ನಮ್ಮ ಬಾಗಿಲು ತಟ್ಟುತ್ತಿದ್ದರು. ಐವತ್ತು ವರ್ಷ ಬೇಕಾಯಿತು ಅದು ನಿಲ್ಲಲಿಕ್ಕೆ. ನಿಮ್ಮ ಹುಡುಗ ಹಲಗೆ ಕಳೆದುಹಾಕಿದ ವಾರ ಮೂರನೇ ಅಂತಸ್ತಿನವರು ನನ್ನನ್ನು ಕೇಳಿದರು, ನಿಮ್ಮವರಾ ಅವರು ಅಂತ." ಅದಕ್ಕೇ ಚೀಟಿ, ಅದಕ್ಕೇ ಕಂಪ್ಲೇಂಟು. ನನಗೆ ಆ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮೂರನೇ ಅಂತಸ್ತಿನ ವಿಷಯ ಬಂದದ್ದಕ್ಕೆ ಒಂದು ಮಾತು. ಅಲ್ಲಿ ಮೂವರು ಜರ್ಮನ್ ವಿದ್ಯಾರ್ಥಿಗಳು ಮನೆ ಹಂಚಿಕೊಂಡಿದ್ದರು. ಅವರ ಮೆಟ್ಟಿಲ ಮೇಲೆ ಸೈಕಲ್ ಕೆಸರು ಒಣಗಿದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಎಚ್ಚರಿಕೆಯ ಕಾಗದ ಹೋಗಲಿಲ್ಲ. ಓದುವ ಮಕ್ಕಳು, ಹಾಗೇ ಇರುತ್ತಾರೆ ಅಂತ ಎಲ್ಲರೂ ನಕ್ಕು ಬಿಡುತ್ತಿದ್ದರು. ನಮ್ಮವನ ಸಿಟ್ಟಿನಲ್ಲಿ ಅರ್ಧ ನ್ಯಾಯ ಇತ್ತು ಅನ್ನುವುದನ್ನು ನಾನು ಅವನ ಎದುರಿಗೇ ಒಪ್ಪಿದ್ದೇನೆ. ಒಂದೂವರೆ ಪುಟದ ನೋಟಿಸ್ ಬರೆಯುವ ಆಫೀಸಿಗೆ, ಮನೆ ಕೊಡುವ ದಿನ ಆ ಹಲಗೆಯನ್ನು ಕೈಯಲ್ಲಿ ಹಿಡಿದು ತೋರಿಸಲು ಎರಡು ನಿಮಿಷ ಸಾಕಿತ್ತು.

ಆದರೆ ಉಳಿದರ್ಧ ಬೇರೆಯೇ. ಸೆಪ್ಟೆಂಬರಿನ ಒಂದು ಸಂಜೆ ನೆಕ್ಕರ್ ದಂಡೆಯಲ್ಲಿ ಕೂತಿದ್ದಾಗ ನೇರವಾಗಿ ಕೇಳಿದೆ: "ನೀನು ಮನೆಯೊಳಗೆ ವ್ಯಾಕ್ಯೂಮ್ ಹಾಕ್ತೀಯ, ಪಾತ್ರೆ ತೊಳೀತೀಯ. ಮೆಟ್ಟಿಲಿಗೆ ಏನಾಗಿದೆ?"

ಬಹಳ ಹೊತ್ತು ಆದ ಮೇಲೆ ಹೇಳಿದ. "ಒಳಗೆ ಮಾಡಿದ್ರೆ ಯಾರಿಗೂ ಕಾಣಲ್ಲ ಸರ್. ಹೊರಗೆ ರೋಡಲ್ಲಿ ಪೊರಕೆ ಹಿಡ್ಕೊಂಡು ನಿಂತ್ರೆ... ನಮ್ಮನೇಲಿ ಅಂಗಳ ಗುಡಿಸೋಕೆ ಒಬ್ಬಳು ಬರ್ತಿದ್ಲು. ಅವಳ ಗಂಡ ಚರಂಡಿ ಕೆಲಸ. ಹಿತ್ತಲ ಕಟ್ಟೆ ಮೇಲೆ ಅವಳಿಗೇ ಅಂತ ಒಂದು ಲೋಟ ಇತ್ತು. ಅವಳು ಕುಡಿದು ತೊಳೆದು ಬೋರಲು ಹಾಕ್ಬೇಕು, ನಾವು ಮುಟ್ತಿರ್ಲಿಲ್ಲ. ಮೊದಲ್ನೇ ಸಲ ಇಲ್ಲಿ ಪೊರಕೆ ಹಿಡಿದಾಗ ನಂಗೆ ಆ ಲೋಟನೇ ನೆನಪಾಯ್ತು."

ಇದೇ ಮನುಷ್ಯ ಆ ವರ್ಷದ ಬಸವ ಜಯಂತಿಗೆ ನಮ್ಮ ಕನ್ನಡದವರ ಕೂಟದಲ್ಲಿ ‘ಕಾಯಕವೇ ಕೈಲಾಸ’ದ ಮೇಲೆ ಹತ್ತು ನಿಮಿಷ ಚೆನ್ನಾಗಿ ಮಾತಾಡಿದ್ದ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನೇ. ನಾನು ಬಂದ ಹೊಸದರಲ್ಲಿ ಮೂರು ವರ್ಷ ಕಂಪನಿಯವರು ಒರೆಸುವ ಕಟ್ಟಡವನ್ನೇ ಹುಡುಕಿ ಹೆಚ್ಚು ಬಾಡಿಗೆ ಕೊಟ್ಟು ಇದ್ದೆ. ಕಾರಣ ಕೇಳಿದವರಿಗೆ ಬೆನ್ನುನೋವು ಅನ್ನುತ್ತಿದ್ದೆ.

ಜರ್ಮನಿಯ ರೂಢಿ ಇವನಿಗೆ ಹೊಸದಾಗಿದ್ದದ್ದು ನಿಜ. ಅದು ಕಷ್ಟವಾದದ್ದು ಹೊಸದು ಅನ್ನುವುದಕ್ಕಲ್ಲ. ಗುಡಿಸುವ ಕೆಲಸ ಯಾರದು ಅನ್ನುವ ಹಳೇ ಲೆಕ್ಕವನ್ನು ದಾವಣಗೆರೆಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ. ಇಲ್ಲಿ ಕೆಳಮನೆಯ ಅಜ್ಜಿಯ ತೀರಿಹೋದ ಗಂಡ ಬ್ಯಾಂಕ್ ಮ್ಯಾನೇಜರ್, ನಿವೃತ್ತಿಯಾಗುವ ತನಕ ಶನಿವಾರ ಕಾಲುದಾರಿ ಗುಡಿಸಿದವರು. ಇಲ್ಲಿ ಮೇಲು ಕೀಳು ಇಲ್ಲ ಅಂತ ಹೇಳುತ್ತಿಲ್ಲ, ಟರ್ಕಿಯ ಹಿರಿಯರನ್ನು ಕೇಳಿದರೆ ಸಾಕು. ಆದರೆ ಆ ಲೆಕ್ಕ ಪೊರಕೆಗೆ ಅಂಟಿಕೊಂಡಿಲ್ಲ.

ಅಕ್ಟೋಬರಿನಿಂದ ಅವನೇ ಗುಡಿಸತೊಡಗಿದ. ಶನಿವಾರ ಕತ್ತಲಾದ ಮೇಲೆ, ಟೋಪಿ ಕಣ್ಣ ತನಕ ಎಳೆದುಕೊಂಡು. ಯಾರೂ ಒಂದು ಮಾತು ಒಳ್ಳೆಯದು ಹೇಳಲಿಲ್ಲ ಅಂತ ಬೇಸರಪಟ್ಟುಕೊಂಡ. ಈ ಸೀಮೆಯಲ್ಲಿ ಒಂದು ಗಾದೆ ಇದೆ, ಬೈಯಲಿಲ್ಲ ಅಂದರೆ ಅಷ್ಟೇ ಹೊಗಳಿಕೆ. ಅದನ್ನು ಹೇಳಿದೆ. ನಕ್ಕ.

ಅಷ್ಟರಲ್ಲಿ ಬಾಣಂತನಕ್ಕೆ ಅತ್ತೆ ಬಂದರು.

ತೊಂಬತ್ತು ದಿನದ ವೀಸಾ, ಸೂಟ್‌ಕೇಸಿನ ತುಂಬ ಅಂಟುಂಡೆ, ಕೊಬ್ಬರಿ, ಅರಿಶಿನ, ಮಗುವಿಗೆ ಹರಳೆಣ್ಣೆ, ಒಂದು ಡಬ್ಬಿ ರಂಗೋಲಿ ಪುಡಿ. ನವೆಂಬರ್ ಎರಡನೇ ವಾರ ಹೆಣ್ಣು ಮಗು ಹುಟ್ಟಿತು. ಹೆರಿಗೆಯಾದ ಮೇಲೆ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುವ ವ್ಯವಸ್ಥೆ ಇಲ್ಲಿದೆ, ವಿಮೆಯೇ ದುಡ್ಡು ಕೊಡುತ್ತದೆ. ಅತ್ತೆಗೂ ಸೂಲಗಿತ್ತಿಗೂ ಎಣ್ಣೆ ನೀರಿನ ವಿಷಯದಲ್ಲಿ ಮೊದಲ ದಿನ ಮುಖ ದಪ್ಪವಾಯಿತು, ಮೂರನೇ ದಿನ ಸರಿಹೋಯಿತು.

ಸರಿಹೋಗದ್ದು ಬೇರೆ. ಒಂದು ಶನಿವಾರ ಕಿಟಕಿಯಿಂದ ಕೆಳಗೆ ನೋಡಿದ ಅತ್ತೆಗೆ ಅಳಿಯ ರಸ್ತೆ ಬದಿಯಲ್ಲಿ ಎಲೆ ಗುಡಿಸುವುದು ಕಂಡಿತು. "ಅಯ್ಯೋ ಶಿವನೇ, ಅಳಿಯಂದ್ರ ಕೈಯಾಗೆ ಕಸಬರಿಗೆ!" ಅಂದವರೇ ಚಪ್ಪಲಿ ಸಿಕ್ಕಿಸಿಕೊಂಡು ಇಳಿದರು, ಕೈಯಿಂದ ಕಿತ್ತುಕೊಂಡರು. ಇದು ಏನು ಅಂತ ವಿಚಾರಿಸಿ ತಿಳಿದುಕೊಂಡರು. ಕೇರ್‌ವೋಖೆ ಅಂದಾಗ, "ಕೇರೋದಾ? ಏನ್ ಕೇರೋದು, ಅಕ್ಕೀನಾ?" ಎಂದು ಕೇಳಿದರಂತೆ. ಮೊರದಲ್ಲಿ ಕೇರುವುದಕ್ಕೂ ಪೊರಕೆಯಲ್ಲಿ ಕೇರುವುದಕ್ಕೂ ಇರುವ ಈ ಸಾಮ್ಯ ನಾನು 14 ವರ್ಷದಲ್ಲಿ ಗಮನಿಸಿರಲಿಲ್ಲ. ಆವತ್ತಿನಿಂದ ಹೊರಗಿನ ಕೆಲಸ ತಮ್ಮದು ಎಂದು ಘೋಷಿಸಿದರು. ಅಳಿಯನೂ ಹೆಚ್ಚು ವಾದಿಸಲಿಲ್ಲ ಅನ್ನುವುದನ್ನು ದಾಖಲಿಸಬೇಕು.

ಮನೆ ಮುಂದೆ ಗುಡಿಸುವುದನ್ನು ಅತ್ತೆಗೆ ಯಾರಾದರೂ ಹೇಳಿಕೊಡಬೇಕೆ? ಬೆಳಕು ಹರಿಯುವ ಮುಂಚೆ ಗುಡಿಸಿ, ಥಳಿ ಹೊಡೆದು, ರಂಗೋಲಿ ಹಾಕಿದರೆ ಮುಗಿಯಿತು. ಮನೆಯವರೆಲ್ಲ ಮಲಗಿದ್ದಾಗಲೇ ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಐದೂವರೆಗೆ ಬಕೆಟ್ ತುಂಬ ನೀರು ಒಯ್ದು ಮುಂಬಾಗಿಲ ಮೂರು ಮೆಟ್ಟಿಲಿಗೂ ಎದುರಿನ ಕಾಲುದಾರಿಗೂ ಚೆನ್ನಾಗಿ ಚೆಲ್ಲಿದರು. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ರಂಗೋಲಿ ಡಬ್ಬಿ ತರಲು ಮೇಲೆ ಹೋದರು, ಮಗು ಎದ್ದಿತ್ತು, ಅದನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ನೀರು ಗಾಜಾಗಿತ್ತು.

ಏಳಕ್ಕೆ ಹತ್ತು ನಿಮಿಷ ಇದ್ದಾಗ ಕೆಳಮನೆಯ ಅಜ್ಜಿ ಪೇಪರ್ ತೆಗೆದುಕೊಳ್ಳಲು ಹೊರಟರು. ಮೊದಲ ಮೆಟ್ಟಿಲಲ್ಲೇ ಕಾಲು ಜಾರಿತು. ಕಂಬಿ ಹಿಡಿದುಕೊಂಡದ್ದರಿಂದ ಸೊಂಟ ಉಳಿಯಿತು. ಮಣಿಕಟ್ಟು ಉಳುಕಿತು, ಕನ್ನಡಕ ಹಾರಿ ಒಡೆಯಿತು.

ನಾನು ಹೋದಾಗ ಎಂಟೂವರೆ. ಅಳಿಯ ಮುಖ ಸಪ್ಪಗೆ ಮಾಡಿಕೊಂಡು ಮೆಟ್ಟಿಲ ಮೇಲಿನ ಮಂಜುಗಡ್ಡೆ ಕುಟ್ಟುತ್ತಿದ್ದ. ಟರ್ಕಿಯ ಹಿರಿಯರು ಒಂದು ಮಾತೂ ಆಡದೆ ನೆಲಮಾಳಿಗೆಯಿಂದ ಜಲ್ಲಿಪುಡಿಯ ಬಕೆಟ್ ತಂದು ಎರಚುತ್ತಿದ್ದರು. ಕಾಲುದಾರಿಗೆ ಉಪ್ಪು ಹಾಕುವುದಕ್ಕೆ ಇಲ್ಲಿನ ಎಷ್ಟೋ ಊರುಗಳಲ್ಲಿ ನಿರ್ಬಂಧವಿದೆ, ಸಣ್ಣ ಜಲ್ಲಿಯೇ ಗತಿ. ಅತ್ತೆ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. "ತಮ್ಮಾ, ನಾನು ಒಳ್ಳೇದಕ್ಕೇ ನೀರು ಹಾಕಿದ್ದು ಅಂತ ಆಯಮ್ಮಂಗೆ ಹೇಳಪ್ಪ. ಮನೆ ಮುಂದೆ ಒಣಾ ಬಿಡಬಾರ್ದು ಅಂತ ಹಾಕಿದ್ದು."

ಅಜ್ಜಿಯ ಸೋಫಾದ ಪಕ್ಕ ಕೂತು ಅದನ್ನು ಜರ್ಮನ್‌ಗೆ ತರುವುದು ನನ್ನ ಬದುಕಿನ ಕಷ್ಟದ ಅನುವಾದಗಳಲ್ಲಿ ಒಂದು. ಒಣ ಬಿಡಬಾರದು ಅನ್ನುವುದನ್ನು ಹೇಗೆ ಹೇಳುವುದು? ನಮ್ಮಲ್ಲಿ ಬೆಳಗಿನ ಒದ್ದೆ ಹೊಸ್ತಿಲು ಅಂದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಅಂತ ಬೀದಿಗೆ ತಿಳಿಸುವುದು ಅಂದೆ. ಅಜ್ಜಿ ಬ್ಯಾಂಡೇಜ್ ಕಟ್ಟಿದ ಕೈ ನೋಡಿಕೊಂಡು, ನಮ್ಮಲ್ಲೂ ಗುಡಿಸಿದ ಮೆಟ್ಟಿಲು ಅಂದರೆ ಅದೇ, ಅಂದರು. ಆಮೇಲೆ ಕನ್ನಡಕದ ಬಿಲ್ ಎತ್ತಿ ಮೇಜಿನ ಮೇಲಿಟ್ಟರು. ಅದು ಬೇರೆ, ಇದು ಬೇರೆ.

ಬಿಲ್ ಅಳಿಯ ತನ್ನ ಜೇಬಿನಿಂದ ಕಟ್ಟಿದ. ಬೇರೆಯವರಿಗೆ ಆದ ಹಾನಿ ತುಂಬಿಕೊಡುವ ಖಾಸಗಿ ಹೊಣೆಗಾರಿಕೆ ವಿಮೆ ಇಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇರುತ್ತದೆ. ವರ್ಷಕ್ಕೆ ಐವತ್ತು ಅರವತ್ತು ಯೂರೋ ಸುಮಾರು. ಇವನು ಮಾಡಿಸಿರಲಿಲ್ಲ. ಸೊಂಟ ಮುರಿದಿದ್ದರೆ ಏನಾಗುತ್ತಿತ್ತು ಅನ್ನುವ ಲೆಕ್ಕ ಹಾಕಿ ಅದೇ ವಾರ ಮಾಡಿಸಿದ. ಹೊಸದಾಗಿ ಬರುವವರು ಕಾರು, ಟೀವಿಗಿಂತ ಮೊದಲು ಇದನ್ನು ಮಾಡಿಸಿ. ನೆಂಟರಾಗಿ ಬಂದ ತಂದೆತಾಯಿಗೆ ಅದು ಅನ್ವಯಿಸುತ್ತದಾ ಅಂತ ಕೇಳಿಯೇ ಸಹಿ ಹಾಕಿ.

ಅತ್ತೆ ಆಮೇಲೆ ಹಠ ಬಿಡಲಿಲ್ಲ, ನೀರು ಹಾಕುವುದನ್ನು ಬಿಟ್ಟರು. ಆರು ಹೊಡೆಯದೆ ಬಾಗಿಲು ತೆಗೆಯುವುದಿಲ್ಲ. ಒಣ ಪೊರಕೆಯಲ್ಲಿ ಗುಡಿಸಿ ಮೆಟ್ಟಿಲ ಬದಿಯಲ್ಲಿ ಎಂಟು ಚುಕ್ಕಿಯ ಒಂದು ಸಣ್ಣ ರಂಗೋಲಿ. ಅವರಿಗೆ ಕೊನೆಯ ತನಕ ಜೀರ್ಣವಾಗದ್ದು ಜಲ್ಲಿ. "ಚೊಕ್ಕ ಮಾಡಿ ಮತ್ತೆ ಅದ್ರ ಮೇಲೆ ಕಲ್ಲು ಚೆಲ್ತಾರಲ್ಲಪ್ಪಾ!" ಕೆಳಮನೆಯ ಅಜ್ಜಿ ಉಳುಕಿದ ಕೈಯಲ್ಲಿ ಗುಡಿಸಲಾರದ ಆರು ವಾರ ಅವರ ಮೆಟ್ಟಿಲನ್ನೂ ಇವರೇ ಗುಡಿಸಿದರು. ಯಾರೂ ಹೇಳಿರಲಿಲ್ಲ. ಇಬ್ಬರಿಗೂ ಒಂದು ಪದವೂ ಪರಸ್ಪರ ತಿಳಿಯದು. ಜನವರಿ ಕೊನೆಗೆ ಅತ್ತೆ ಹೊರಟಾಗ ಅಜ್ಜಿ ಒಂದು ಪೊಟ್ಟಣ ಕೊಟ್ಟರು. ದಾವಣಗೆರೆಯಲ್ಲಿ ಬಿಚ್ಚಿ ನೋಡಿದರೆ ಉಣ್ಣೆಯ ಕಾಲುಚೀಲ. ಅಲ್ಲಿ ಆಗಲೇ ಸೆಕೆ ಶುರುವಾಗಿತ್ತು.

ಮುಂದಿನ ವರ್ಷ ಅವನು ರಜೆಗೆ ಊರಿಗೆ ಹೋದ. ಒಂದು ಬೆಳಿಗ್ಗೆ ಅಂಗಳ ಗುಡಿಸುವ ಹೆಂಗಸು ಬರದಿದ್ದಾಗ ತಾನೇ ಪೊರಕೆ ಹಿಡಿದು ಹೊರಗೆ ಹೋದನಂತೆ. ಅಮ್ಮ ಓಡಿಬಂದು, "ಬೀದಿಯಾಗೆ ಜನ ನೋಡ್ತಾರೆ, ಒಳಗೆ ಬಾ" ಅಂದರು. "ಪೊರಕೆ ಅಮ್ಮನ ಕೈಗೆ ಕೊಟ್ಟೆನಾ ಇಲ್ವಾ ಹೇಳಿ ನೋಡೋಣ" ಅಂತ ನನ್ನನ್ನು ಕೇಳಿದ. ಕೊಟ್ಟಿರ್ತೀಯ ಅಂದೆ. "ಹ್ಞೂಂ, ಕೊಟ್ಟುಬಿಟ್ಟೆ" ಅಂದ. ಲೋಟ ಈಗಲೂ ಅದೇ ಕಟ್ಟೆ ಮೇಲಿದೆಯಂತೆ. ಗುಡಿಸಲು ಬರುವವಳು ಮಾತ್ರ ಆ ಹೆಂಗಸಿನ ಸೊಸೆ.

ಕಳೆದ ಚಳಿಗಾಲದಲ್ಲಿ ಮೂರನೇ ಅಂತಸ್ತಿನ ವಿದ್ಯಾರ್ಥಿಗಳು ಖಾಲಿ ಮಾಡಿದರು. ಪುಣೆಯ ಒಂದು ಜೋಡಿ ಬಂತು. ಹಲಗೆ ಅವರ ಬಾಗಿಲಿಗೆ ಹೋದದ್ದು ಎರಡು ವಾರ ಕಳೆದರೂ ತಿರುಗಿ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಗೆಳೆಯ ಒಂದು ಫೋಟೊ ಕಳಿಸಿದ. ಬಿಳಿ ಹಾಳೆ, ನೀಲಿ ಪೆನ್ನು, ದುಂಡಗಿನ ಅಕ್ಷರ. ಟರ್ಕಿಯ ಹಿರಿಯರ ಹಳೆಯ ಚೀಟಿಯ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದನಂತೆ, ಅದನ್ನೇ ನೋಡಿ ಬರೆದದ್ದು, ಅಡಿಗೆರೆ ಸಮೇತ.

"ಅಂಟಿಸೋಕೆ ಮುಂಚೆ ಒಂದ್ಸಲ ಗ್ರಾಮರ್ ನೋಡಿಬಿಡಿ ಸರ್."

ಅವರ ಬಾಗಿಲು ತಟ್ಟಿ ಹೇಳಬಾರದಾ, ಪುಣೆಯವರು, ಇಂಗ್ಲಿಷಿನಲ್ಲೇ ಹೇಳಬಹುದು, ಅಂತ ಬರೆದು ಕಳಿಸಿದೆ.

"ಇನ್ನು ಎಷ್ಟು ಸಲ ಹೇಳೋದು ಸರ್? ಇಡೀ ಬಿಲ್ಡಿಂಗ್ ನಮ್ಮನ್ನೇ ನೋಡ್ತಿದೆ."

ಜರ್ಮನ್ ವ್ಯಾಕರಣದ ಪ್ರಕಾರ, ಚೀಟಿಯಲ್ಲಿ ಮೆಟ್ಟಿಲು ಅನ್ನುವ ಪದದ ಹಿಂದಿನ ‘ಡೀ’ ‘ಡೇರ್’ ಆಗಬೇಕಿತ್ತು. ಅದೊಂದನ್ನು ತಿದ್ದಿ ಕಳಿಸಿದೆ.